ಖಾಲಿ ನಡುಮನೆ

ಸೊಸೆಗೂ ಮಾವನಿಗೂ ಬಾಯಿ ಮಾತಿನ ಜಗಳ ಎಂದೂ ಆಗಿರಲಿಲ್ಲ. ಇದ್ದ ಜಗಳವೆಲ್ಲ ಒಂದು ಮುಕ್ಕಾಲಿಯದ್ದು. ನಡುಮನೆಯ ನಟ್ಟನಡುವೆ, ಓಡಾಡುವವರ ಮೊಣಕಾಲಿಗೆ ಬಡಿಯುವ ಹಾಗೆ ನಿಂತಿರುತ್ತಿದ್ದ ಆ ಮುಕ್ಕಾಲಿಯನ್ನು ಅವಳು ಬೆಳಿಗ್ಗೆ ಕಸ ಗುಡಿಸುವಾಗ ಗೋಡೆಗೆ ಒತ್ತರಿಸುವಳು. ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಅದು ತನ್ನ ಹಳೇ ಜಾಗಕ್ಕೆ ಬಂದು ಮೊಂಡು ಕರುವಿನ ಹಾಗೆ ನಿಂತಿರುವುದು. ಸರಿಸಿದವರು ಯಾರೆಂದು ಅವಳು ಕೇಳುತ್ತಿರಲಿಲ್ಲ, ಮಾವನೂ ಹೇಳುತ್ತಿರಲಿಲ್ಲ.

ಮುಕ್ಕಾಲಿಯೊಂದೇ ಆಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಒಂದು ಕೈ ಮುರಿದ ಉದ್ದನೆಯ ಬೆಂಚಿತ್ತು. ಯಂತ್ರ ಹೋಗಿ ಕಾಲು ಮಾತ್ರ ಉಳಿದ ಹೊಲಿಗೆ ಮಿಷನ್ನಿನ ಸ್ಟ್ಯಾಂಡಿತ್ತು. ಅತ್ತೆ ಬದುಕಿದ್ದಾಗ ಕಾಳು ತುಂಬಿಡುತ್ತಿದ್ದ, ಎದೆಯುದ್ದದ ಮರದ ಪೆಟ್ಟಿಗೆಯಿತ್ತು. ಈಗ ಅದರಲ್ಲಿ ಇಲಿಯ ಸಂಸಾರ ಬಿಟ್ಟರೆ ಇನ್ನೇನೂ ಇರಲಿಲ್ಲ. ಇವುಗಳಲ್ಲಿ ಒಂದಾದರೂ ಗೋಡೆಗೆ ಒರಗಿ ಮರ್ಯಾದೆಯಿಂದ ನಿಂತಿರಲಿಲ್ಲ. ಎಲ್ಲವೂ ಓರೆಕೋರೆಯಾಗಿ ನೆಲದ ಮೇಲೆ ಚೆಲ್ಲಿಕೊಂಡಿದ್ದವು.

ಅವಳು ಪೇಟೆಯಲ್ಲಿ ಹಲ್ಲು ಡಾಕ್ಟರ ಬಳಿ ಕೆಲಸಕ್ಕಿದ್ದಳು. ಬಂದವರ ಹೆಸರು ಬರೆದುಕೊಂಡು ಕೂರಿಸುವುದು, ಹತ್ತಿಗೆ ಲವಂಗದೆಣ್ಣೆ ಅದ್ದಿ ಕೊಡುವುದು, ಸಾಮಾನು ತೊಳೆದಿಡುವುದು. ಅಲ್ಲಿ ರೋಗಿಗಳು ಕಾಯುವ ಕೋಣೆ ಅವಳ ಮನಸ್ಸಿಗೆ ಹತ್ತಿತ್ತು. ಬಿಳಿ ಗೋಡೆ, ಸಾಲಾಗಿ ನಾಲ್ಕಾರು ಕುರ್ಚಿ, ಮೂಲೆಯಲ್ಲೊಂದು ಹಸಿರು ಗಿಡ. ದವಡೆ ಹಿಡಿದುಕೊಂಡು ನರಳುತ್ತ ಬಂದವರು ಕೂಡ ಅಲ್ಲಿ ಕೂತರೆ ತುಸು ತಣ್ಣಗಾಗುತ್ತಿದ್ದರು. ತನ್ನ ಮನೆಗೆ ಬಂದರೆ ಮಾತ್ರ ತಲೆಯೊಳಗೂ ಯಾರೋ ಸಾಮಾನು ತುಂಬಿಟ್ಟ ಹಾಗೆ ಆಗುತ್ತಿತ್ತು ಅವಳಿಗೆ.

ಮಾವ ಮಗಳ ಮನೆಗೆಂದು ಹೊರಟದ್ದೇ ಅವಳಿಗೆ ಅವಕಾಶವಾಯಿತು. "ಮೊಮ್ಮಗೂನ ನೋಡ್ಕೊಂಡು ಬರ್ತೀನಿ, ಒಂದು ವಾರ" ಎಂದು ಅವರು ಹೇಳಿ ಹೋದರು. ಮಗಳೇ ಬಂದು ಕೈ ಹಿಡಿದು ಬಸ್ಸು ಹತ್ತಿಸಿಕೊಂಡು ಹೋದಳು. ಆ ವಾರದಲ್ಲಿ ಗುಜರಿಯವನ ಗಾಡಿ ಬಂತು, ಸುಣ್ಣಬಣ್ಣದವನು ಬಂದ. ಬೆಂಚು, ಸ್ಟ್ಯಾಂಡು, ಪೆಟ್ಟಿಗೆ, ಮುಕ್ಕಾಲಿ ಎಲ್ಲ ಹೋದವು. ಗೋಡೆ ಹಾಲಿನ ಹಾಗೆ ಬೆಳ್ಳಗಾಯಿತು. ಕಿಟಕಿಗೆ ತಿಳಿ ಬೂದು ಬಣ್ಣದ ಪರದೆ, ಮೂಲೆಯಲ್ಲಿ ಒಂದು ಗಿಡ.

ಹಾಲಿನ ಗಾಡಿ ಓಡಿಸುವ ಗಂಡ ಸಂಜೆ ಬಂದವನು ಹೊಸ್ತಿಲಲ್ಲೇ ನಿಂತ.

"ಏನೇ ಇದು, ಹಲ್ಲು ಕೀಳೋ ಜಾಗಾನ ಮನೆಗೇ ತಂದುಬಿಟ್ಟಿದೀಯಲ್ಲ! ಬಾಯಿ ತೆಗೆದು ಕೂತ್ಕೋಬೇಕಾ ಹೇಗೆ?"

"ಬಾಯಿ ಮುಚ್ಕೊಂಡು ಕೂತ್ಕೊಂಡ್ರೂ ನಡೆಯುತ್ತೆ."

"ಅಪ್ಪ ಏನಂತಾರೋ?"

"ಚೆನ್ನಾಗಿರೋದನ್ನ ಚೆನ್ನಾಗಿದೆ ಅನ್ನಲ್ವಾ? ಅವರಿಗೂ ಓಡಾಡೋಕೆ ಸಲೀಸು."

ಮಾವ ಬಂದರು. ಮಗಳು ಅವರನ್ನು ಬಾಗಿಲಿಗೆ ಬಿಟ್ಟು, ಬಸ್ಸು ತಪ್ಪುತ್ತದೆಂದು ಹಾಗೇ ಹೊರಟಳು. ಒಳಗೆ ಕಾಲಿಟ್ಟವರು ನಿಂತುಬಿಟ್ಟರು. ಮೂಗೆತ್ತಿ ಬಣ್ಣದ ವಾಸನೆ ಹಿಡಿದರು. ಕೆಮ್ಮಿದರು. ಆ ಕೆಮ್ಮು ಖಾಲಿ ಗೋಡೆಗೆ ಬಡಿದು ವಾಪಸು ಬಂತು.

"ಹೇಗಿದೆ ಮಾವ?"

ಅವರು "ಚೆನ್ನಾಗಿದೆಯಮ್ಮ" ಎಂದರು. "ಬಯಲಿನ ಹಾಗಿದೆ." ಆಮೇಲೆ, "ಯಾಕೋ ಪ್ರಯಾಣದ ಸುಸ್ತು. ಪುಟ್ಟೀ, ಬಾರೇ, ತಾತನ್ನ ಕೋಣೆಗೆ ಕರ್ಕೊಂಡು ಹೋಗು" ಎಂದು ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟರು.

ಅಂದಿನಿಂದ ಮಾವ ಹಿತ್ತಿಲಿಗೆ ಹೋಗುವುದನ್ನು ಬಿಟ್ಟರು.

ಹಿತ್ತಿಲಲ್ಲಿ ಕೊಟ್ಟಿಗೆಯಿತ್ತು, ಎರಡು ಹಸುಗಳಿದ್ದವು. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ ಹಸುಗಳ ಮೈ ಸವರಿ, ಹುಲ್ಲು ಹಾಕಿ, ಅಲ್ಲೇ ಕಲ್ಲಿನ ಮೇಲೆ ಕೂತು ನಾರು ಬಿಡಿಸಿ ಹಗ್ಗ ಹೊಸೆಯುವುದು ಮಾವನ ದಿನಚರಿ. ಅವರು ಹೊಸೆದ ಹಗ್ಗಕ್ಕೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಗಂಡ ಆಗಾಗ ಹೇಳುವುದಿತ್ತು: "ಅಪ್ಪನ ಕೈಲಿ ಆಗೋವರೆಗೆ ಹಸು. ಆಗಲ್ಲ ಅಂದ ದಿನ ಮಾರಿಬಿಡೋದೇ. ನನಗಂತೂ ಪುರುಸೊತ್ತಿಲ್ಲ." ಹಾಗೆ ಅಂದಾಗೆಲ್ಲ ಮಾವ ಇನ್ನೂ ಬೇಗ ಎದ್ದು ಹೋಗುತ್ತಿದ್ದರು.

ಈಗ ಅವರು ತಮ್ಮ ಕೋಣೆ, ಅದರ ಪಕ್ಕದ ಬಚ್ಚಲು, ಇಷ್ಟರಲ್ಲೇ ಇದ್ದರು. "ಮೈಯಲ್ಲಿ ಹುಷಾರಿಲ್ಲ" ಎನ್ನುತ್ತಿದ್ದರು. ಹಸುಗಳು ಅಂಬಾ ಎಂದರೆ ಮಂಚದ ಮೇಲೆ ತಲೆಯೆತ್ತಿ ಕೂರುತ್ತಿದ್ದರು. ಅಡಿಗೆಮನೆಗೆ ಬಂದು ಉಣ್ಣುತ್ತಿದ್ದವರಿಗೆ ತಟ್ಟೆಯನ್ನು ಕೋಣೆಗೇ ಒಯ್ದು ಕೊಡಬೇಕಾಯಿತು; ಹಸುಗಳ ಹುಲ್ಲು ನೀರೂ ಅವಳ ಪಾಲಿಗೇ ಬಂತು.

"ಅತ್ತೆ ಪೆಟ್ಟಿಗೆ ಕೊಟ್ಟೆ ಅಂತ ಮುನಿಸು" ಎಂದಳು ಅವಳು ಗಂಡನ ಬಳಿ. "ಬಾಯಿ ಬಿಟ್ಟು ಬೈದ್ರೆ ನನಗೂ ಒಂದು ನೆಮ್ಮದಿ. ಹೀಗೆ ಮುಖ ಊದಿಸ್ಕೊಂಡು ಕೂತ್ರೆ?"

"ಇನ್ನೊಂದು ವಾರ ನೋಡೋಣ. ಆಗದಿದ್ರೆ ಹಸು ಕೊಟ್ಟುಬಿಡ್ತೀನಿ."

ಇದರ ನಡುವೆ ಅವಳಿಗೆ ಇನ್ನೊಂದು ತಲೆನೋವು ಶುರುವಾಗಿತ್ತು. ಬಿಳಿ ಗೋಡೆಯ ಮೇಲೆ ಒಂದು ಕೊಳೆಯ ಗೆರೆ. ಮಾವನ ಕೋಣೆಯ ಬಾಗಿಲಿನಿಂದ ಹೊರಟು ನಡುಮನೆಯ ಗೋಡೆಯುದ್ದಕ್ಕೂ ಬಂದು, ಮುಂಬಾಗಿಲ ಚೌಕಟ್ಟಿನ ಹತ್ತಿರ ನಿಲ್ಲುತ್ತಿತ್ತು. ಅವಳು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸುವಳು; ಮರುದಿನ ಮತ್ತೆ ಮೂಡುವುದು.

"ಗೋಡೆ ಮುಟ್ಟಬೇಡ ಅಂತ ಎಷ್ಟು ಸಲ ಹೇಳ್ಲಿ?"

"ನಾನಲ್ಲಮ್ಮ!" ಎಂದಳು ಪುಟ್ಟಿ.

"ನೀನಲ್ದೆ ಇನ್ಯಾರು, ಗೋಡೇನೇ ಕೆರ್ಕೊಳ್ಳುತ್ತಾ?" ಎಂದು ಬೆನ್ನಿಗೊಂದು ಕೊಟ್ಟೂಬಿಟ್ಟಳು. ಪುಟ್ಟಿ ಅಳುತ್ತ ತಾತನ ಕೋಣೆಗೆ ಓಡಿದಳು. ಒಳಗಿನಿಂದ ಮಾವ ಮೆಲ್ಲಗೆ ಏನೋ ಹೇಳಿ ಸಮಾಧಾನ ಮಾಡುವುದು ಕೇಳಿಸಿತು. ಮಗುವಿನ ಪರ ವಹಿಸಿಕೊಂಡು ಅವರು ಹೊರಗೆ ಬರಲಿಲ್ಲ.

ಅದಾದ ಕೆಲವು ದಿನಕ್ಕೆ ಹಲ್ಲು ಡಾಕ್ಟರಿಗೇ ಹಲ್ಲುನೋವು ಬಂತು. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಇಂಥದ್ದನ್ನು ಯಾರಿಗೂ ಹೇಳಬೇಡಮ್ಮ ಎಂದು ಕೈಸನ್ನೆ ಮಾಡಿ, ಅವರು ಮಧ್ಯಾಹ್ನಕ್ಕೇ ಬಾಗಿಲು ಹಾಕಿದರು. ದಾರಿಯುದ್ದಕ್ಕೂ ಅವಳು ಒಬ್ಬಳೇ ನಗುತ್ತ ಬಂದಳು. ಗಂಡನಿಗೆ ಹೇಗೆ ಹೇಳಿದರೆ ಹೆಚ್ಚು ನಗುತ್ತಾನೆ ಎಂದು ಮನಸ್ಸಲ್ಲೇ ಮಾತು ಜೋಡಿಸಿಕೊಳ್ಳುತ್ತ, ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲು ದಾಟಿದಳು.

ಮಾವ ಗೋಡೆ ಹಿಡಿದು ಬರುತ್ತಿದ್ದರು.

ಬಲಗೈಯ ಬೆರಳುಗಳು ಗೋಡೆಯ ಮೇಲೆ ಸವರುತ್ತಿದ್ದವು. ಸರಿಯಾಗಿ ಆ ಗೆರೆಯ ಮೇಲೆಯೇ. ಪಾದ ಎತ್ತಿಡುತ್ತಿರಲಿಲ್ಲ, ನೆಲಕ್ಕೆ ತಾಗಿಸಿಕೊಂಡೇ ತಳ್ಳುತ್ತಿದ್ದರು. ಕಣ್ಣು ತೆರೆದೇ ಇತ್ತು. ಮುಂಬಾಗಿಲ ಚೌಕಟ್ಟಿಗೆ ಬಂದಾಗ ಗೋಡೆ ಮುಗಿಯಿತು. ಅವರು ಹಿತ್ತಿಲ ಬಾಗಿಲ ಕಡೆ ತಿರುಗಿದರು. ಅವರಿಗೂ ಆ ಬಾಗಿಲಿಗೂ ನಡುವೆ ಏನೂ ಇಲ್ಲದ, ಅವಳು ಫಿನೈಲು ಹಾಕಿ ಒರೆಸಿದ, ಹೊಳೆಯುವ ನೆಲವಿತ್ತು. ಕೈ ಮುಂದೆ ಚಾಚಿದರು. ಏನೋ ಸಿಗಬೇಕಾದಲ್ಲಿ ಸಿಗದೆ ಬೆರಳುಗಳು ಗಾಳಿಯಲ್ಲಿ ಮಡಚಿಕೊಂಡವು. ಒಂದು ಹೆಜ್ಜೆ ಇಟ್ಟರು, ಹಿಂದಕ್ಕೆ ತೆಗೆದರು. ಹಿತ್ತಿಲಲ್ಲಿ ಹಸು ಕೂಗಿತು. "ಬಂದೆ, ಬಂದೆ ಇರವ್ವ" ಎಂದು ಪಿಸುಗುಟ್ಟಿ ಮತ್ತೆ ಹೆಜ್ಜೆಯಿಟ್ಟರು, ಮತ್ತೆ ತೆಗೆದರು.

ಮುಕ್ಕಾಲಿ ಯಾಕೆ ದಿನವೂ ವಾಪಸು ಬರುತ್ತಿತ್ತೆಂದು ಅವಳಿಗೆ ಆಗ ತಿಳಿಯಿತು. ಬೆಂಚು, ಮುಕ್ಕಾಲಿ, ಸ್ಟ್ಯಾಂಡು, ಪೆಟ್ಟಿಗೆ. ಹೊಳೆ ದಾಟಲು ಹಾಕಿದ ಕಲ್ಲುಗಳ ಹಾಗೆ, ಒಂದರಿಂದ ಕೈ ಬಿಟ್ಟರೆ ಇನ್ನೊಂದು ಸಿಗುವ ಹಾಗೆ, ಅವು ಇವರನ್ನು ಕೊಟ್ಟಿಗೆಗೆ ಮುಟ್ಟಿಸುತ್ತಿದ್ದವು.

ಮಾವ ಥಟ್ಟನೆ ಅವಳ ಕಡೆ ಮುಖ ತಿರುಗಿಸಿದರು.

"ಯಾರು?"

ಅವಳು ಒಂದು ಮಾರು ದೂರದಲ್ಲಿದ್ದಳು. ನಾನು ಮಾವ ಎನ್ನಬೇಕಿತ್ತು. ಅಂದರೆ ನೋಡಿದ್ದನ್ನು ಒಪ್ಪಿಕೊಂಡ ಹಾಗೆ. ಮಾಡಿದ್ದನ್ನೂ ಒಪ್ಪಿಕೊಂಡ ಹಾಗೆ. ಅವಳು ಉಸಿರು ಬಿಗಿಹಿಡಿದು ನಿಂತಳು. ಅವರ ಕಣ್ಣು ಅವಳ ಮುಖದ ಮೇಲೇ ಇತ್ತು, ಅವಳನ್ನು ದಾಟಿ ಬೀದಿಗೆ ಹೋಗುತ್ತಿತ್ತು.

"ಯಾರೂ ಇಲ್ವೇನೋ" ಎಂದು ತಮಗೇ ಹೇಳಿಕೊಂಡು ಮಾವ ಗೋಡೆಯನ್ನು ಹುಡುಕಿ ಹಿಡಿದರು, ಬಂದ ದಾರಿಯಲ್ಲೇ ಕೋಣೆಗೆ ಮರಳಿದರು.

ಅವಳು ಹಿಂದಡಿಯಿಟ್ಟು ಹೊರಗೆ ಹೋಗಿ, ಬೀದಿಯ ತಿರುವಿನವರೆಗೆ ನಡೆದು, ಗೇಟನ್ನು ಬೇಕೆಂದೇ ಜೋರಾಗಿ ಬಡಿದು ಎರಡನೇ ಸಲ ಮನೆಗೆ ಬಂದಳು. ಡಾಕ್ಟರ ಹಲ್ಲುನೋವಿನ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ಮರುದಿನವೇ ಗುಜರಿ ಅಂಗಡಿಗೆ ಓಡಿದಳು. ಬೆಂಚು, ಮುಕ್ಕಾಲಿ, ಸ್ಟ್ಯಾಂಡು ಮೂಲೆಯಲ್ಲಿ ಬಿದ್ದಿದ್ದವು.

"ಪೆಟ್ಟಿಗೆ?"

"ಅದನ್ನ ಅವತ್ತೇ ಒಡೆದೆ ಅಕ್ಕ. ಹಲಗೆ ಗಟ್ಟಿ ಇತ್ತು, ಕೋಳಿಗೂಡಿಗೆ ಅಂತ ಯಾರೋ ತಗೊಂಡು ಹೋದ್ರು. ನೀವೇ ಅಲ್ವಾ, ಕಣ್ಣಿಗೆ ಕಾಣ್ದಂಗೆ ಮಾಡು ಅಂದಿದ್ದು?"

ಸಾಮಾನು ಇಳಿಸುವಾಗ ಗಂಡ ಗೊಣಗಿದ. "ಹೋದ ತಿಂಗಳು ಹೊರಗೆ, ಈ ತಿಂಗಳು ಒಳಗೆ. ನಾನೇನು ಗಂಡನೋ ಗಾಡಿ ಎತ್ತೋ?"

"ಮನೆ ಬಿಕೋ ಅನ್ನುತ್ತೆ" ಎಂದಷ್ಟೇ ಹೇಳಿದಳು.

ಆದರೆ ಇಡುವುದೆಲ್ಲಿ? ಅಷ್ಟು ವರ್ಷ ಆ ಸಾಮಾನುಗಳ ನಡುವೆ ಓಡಾಡಿದ್ದಳು, ಬೈದಿದ್ದಳು, ಒತ್ತರಿಸಿದ್ದಳು. ಅವು ಎಲ್ಲಿರಬಾರದು ಎನ್ನುವುದು ಗೊತ್ತಿತ್ತೇ ಹೊರತು ಎಲ್ಲಿದ್ದವು ಎನ್ನುವುದು ನೆನಪಿಗೆ ಬರಲಿಲ್ಲ. ಅಂದಾಜಿನ ಮೇಲೆ ಇಟ್ಟಳು. ತಾಸಿನೊಳಗೆ ನಡುಮನೆಯಲ್ಲಿ ಧಡ್ ಎಂದು ಸದ್ದಾಯಿತು. ಮಾವ ಬೆಂಚಿನ ಮೂಲೆಗೆ ಮುಂಗಾಲು ಬಡಿದುಕೊಂಡು ನೆಲದ ಮೇಲೆ ಕೂತಿದ್ದರು. ಚರ್ಮ ಸುಲಿದು ರಕ್ತ ಒಸರುತ್ತಿತ್ತು.

ಅವಳು ನೀರು, ಹತ್ತಿ ತಂದು ಎದುರಿಗೆ ಕೂತಳು. ಗಂಡ ಗಾಡಿ ತೆಗೆದುಕೊಂಡು ಹೋಗಿದ್ದ.

"ಮಾವ," ಎಂದಳು ಗಾಯ ಒರೆಸುತ್ತ. "ಬೆಂಚು ಎಲ್ಲಿತ್ತು? ನನಗೆ ನೆನಪಾಗ್ತಿಲ್ಲ."

ಮಾವ ಕಾಲನ್ನು ಅವಳ ಕಡೆ ಚಾಚಿ, "ಅವತ್ತು ಬಾಗ್ಲಲ್ಲಿ ನಿಂತಿದ್ದೋಳು ನೀನೇ ಅಂತ ಗೊತ್ತಾಯ್ತು ನನಗೆ" ಎಂದರು.

ಅವಳ ಕೈ ನಿಂತಿತು.

"ಲವಂಗದೆಣ್ಣೆ ವಾಸನೆ. ಊರಲ್ಲಿ ಇನ್ಯಾರ ಮೈಮೇಲೂ ಅದು ಬರಲ್ಲ. ಮಾತಾಡ್ತೀಯೇನೋ ಅಂತ ಕಾದೆ."

"ತಪ್ಪಾಯ್ತು ಮಾವ. ಹೊಟ್ಟೆಗೆ ಹಾಕ್ಕೊಳ್ಳಿ."

"ನೀನು ಹೆದರಿದ್ದೆ. ನಾನೂ ಹೆದರಿದ್ದೆ. ಇಬ್ರೂ ಸುಮ್ನಾದ್ವಿ." ಅವರು ಕಾಲು ಸವರಿಕೊಂಡರು. "ಮಗಳ ಮನೆಗೆ ಹೋಗಿದ್ದು ಮಗು ನೋಡೋಕಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿದ್ಲು. ನರ ಒಣಗಿದೆ, ಇನ್ನು ಏನೂ ಮಾಡೋಕಾಗಲ್ಲ ಅಂದ್ರು. ಬೆಳಕು ಇದೆ, ಕತ್ತಲೆ ಇದೆ, ಅಷ್ಟು ಗೊತ್ತಾಗುತ್ತೆ. ಹೋಗ್ಲಿ ಬಿಡು, ಮನೆಗೆ ಹೋದ್ರೆ ನನ್ನ ದಾರಿ ನನಗಿದೆ ಅಂದ್ಕೊಂಡೇ ಬಂದೆ."

ಆ ದಿನ ಅವರು ಹೊಸ್ತಿಲ ಒಳಗೆ ನಿಂತು ಮೂಗೆತ್ತಿದ್ದು, ಕೆಮ್ಮಿ ಆಲಿಸಿದ್ದು, ಚೆನ್ನಾಗಿದೆಯಮ್ಮ ಎಂದದ್ದು ಅವಳ ಕಣ್ಣ ಮುಂದೆ ಬಂತು. ಮುಖ ಮುಚ್ಚಿಕೊಳ್ಳಲು ಕೈ ಎತ್ತಿದಳು. ಕೈಯಲ್ಲಿ ಅವರ ರಕ್ತದ ಹತ್ತಿಯಿತ್ತು.

"ಇವ್ರಿಗೆ ಹೇಳೋಣ ಮಾವ. ಮಗ ಅಲ್ವಾ?"

"ನಮ್ಮಣ್ಣನಿಗೂ ಹೀಗೇ ಆಯ್ತು. ಮನೆಯವರೆಲ್ಲ ಒಳ್ಳೆಯವರೇ. ಮೂಲೇಲಿ ಮೆತ್ತಗೆ ಹಾಸಿ ಕೂರಿಸಿದ್ರು. ಆಮೇಲೆ ಯಾರೂ ಅವನನ್ನ ಒಂದು ಮಾತು ಕೇಳ್ಲಿಲ್ಲ, ಊಟ ಆಯ್ತಾ ಅನ್ನೋದು ಬಿಟ್ರೆ. ಹಸು ಇರೋವರೆಗೆ ಬೇಡ ತಾಯಿ. ಆಮೇಲೆ ನಾನೇ ಹೇಳ್ತೀನಿ."

ಅವಳು ಹೂಂ ಎಂದಳು. ಅದೂ ಒಂದು ತಪ್ಪೇ ಇರಬಹುದು ಎಂದು ಅನ್ನಿಸಿತು. ಆದರೆ ಇಲ್ಲ ಎನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಮಾವ ಎದ್ದರು. "ಎಳಿ ಬೆಂಚನ್ನ. ಇನ್ನೂ. ಇನ್ನೂ ಸ್ವಲ್ಪ ಬಲಕ್ಕೆ. ಹಾಂ, ನಿಲ್ಲಿಸು." ಕಾಲಲ್ಲಿ ತಡವಿ, ಕೈಯಲ್ಲಿ ಅಳೆದು, ಮುಕ್ಕಾಲಿಗೂ ಸ್ಟ್ಯಾಂಡಿಗೂ ಜಾಗ ತೋರಿಸಿದರು. "ಪೆಟ್ಟಿಗೆ?"

"ಪೆಟ್ಟಿಗೆ ಹೋಯ್ತು ಮಾವ. ಒಡೆದುಬಿಟ್ಟಿದ್ದಾನೆ."

ಅವರ ಕೈ ಸ್ಟ್ಯಾಂಡಿನ ಮೇಲೆ ಸುಮ್ಮನೆ ಇತ್ತು. "ಅವಳ ಪೆಟ್ಟಿಗೆ ಗಟ್ಟಿ ಇತ್ತು" ಎಂದರು. ಆಮೇಲೆ, "ಕೋಣೇಲಿ ಮೊಳೆಗೆ ಹಗ್ಗ ನೇತಾಕಿದೀನಿ, ತಗೊಂಡು ಬಾ. ಈ ಸ್ಟ್ಯಾಂಡಿಂದ ಹಿತ್ತಿಲ ಬಾಗ್ಲಿಗೆ ಕಟ್ಟು. ಸೊಂಟದ ಎತ್ತರಕ್ಕೆ."

"ಇವ್ರು ಕೇಳಿದ್ರೆ?"

"ಬಟ್ಟೆ ಒಣಗಾಕೋಕೆ ಅನ್ನು."

ಸಂಜೆ ಗಂಡ ಬಂದಾಗ ನಡುಮನೆಯಲ್ಲಿ ಹಗ್ಗದ ಮೇಲೆ ಒದ್ದೆ ಟವೆಲ್ಲು, ಪುಟ್ಟಿಯ ಲಂಗ ನೇತಾಡುತ್ತಿದ್ದವು. ಹಗ್ಗದ ಮೇಲಂಚು ಕೈಗೆ ಸಿಗುವ ಹಾಗೆ ಅವಳು ಬಟ್ಟೆಯನ್ನು ಅಲ್ಲಲ್ಲಿ ಬಿಡಿಯಾಗಿ ಹಾಕಿದ್ದಳು.

"ನಿನ್ನ ಬುದ್ಧೀನ ಯಾವ ಡಾಕ್ಟರಿಗೆ ತೋರಿಸ್ಲಿ ಹೇಳು" ಎಂದ ಅವನು, ಲಂಗವನ್ನು ತಲೆಯಿಂದ ಸರಿಸುತ್ತ. ಹಿತ್ತಿಲಿನಿಂದ ಮಾವ ಹಸುವಿಗೆ ಗದರುವ ದನಿ ಕೇಳಿಸಿತು. "ಓ, ಅಪ್ಪ ಎದ್ದು ಓಡಾಡ್ತಿದಾರೆ! ಮುನಿಸು ಇಳೀತಾ?"

"ಹೂಂ" ಎಂದಳು.

ಪುಟ್ಟಿಯನ್ನು ಕರೆದು ತಲೆ ಬಾಚಿದಳು. "ಗೋಡೆ ನೀನು ಮುಟ್ಟಿರಲಿಲ್ಲ, ನನಗೀಗ ಗೊತ್ತಾಯ್ತು" ಎಂದಳು. "ನಾನು ಆವಾಗ್ಲೇ ಹೇಳಿದ್ನಲ್ಲ" ಎಂದು ಪುಟ್ಟಿ ಜಡೆ ಬಿಡಿಸಿಕೊಂಡು ಆಡಲು ಓಡಿದಳು.

ಗೋಡೆಯ ಗೆರೆಯನ್ನು ಅವಳು ಮತ್ತೆ ಒರೆಸಲಿಲ್ಲ. ಇನ್ನೊಂದು ಅಭ್ಯಾಸವೂ ಹತ್ತಿಕೊಂಡಿತು. ಕೆಲಸದಿಂದ ಬರುವಾಗ ಗೇಟಿನಿಂದಲೇ, "ನಾನು ಮಾವ, ಬಂದೆ" ಎಂದು ಕೂಗುವಳು. ಅಡಿಗೆಮನೆಯಿಂದ ನಡುಮನೆಗೆ ಬಂದರೂ, "ನಾನು ಮಾವ." ಕೊಟ್ಟಿಗೆಗೆ ನೀರು ಒಯ್ದರೂ ಅದೇ.

"ಗೊತ್ತಮ್ಮ, ಗೊತ್ತು" ಎಂದು ಮಾವ ಹಗ್ಗ ಹೊಸೆಯುತ್ತಲೇ ನಗುವರು. "ಯಾರು ಅಂತ ನಾನೆಲ್ಲಿ ಕೇಳಿದೆ?"

ಅವರು ಕೇಳಿರುತ್ತಿರಲಿಲ್ಲ, ನಿಜ.