ಚರಿಗೆ ಹಿಡಿದು ಓಡಿದವನು

ಇಜೇರಿಯ ಬಸ್ ನಿಲ್ದಾಣದ ಎದುರು ಚಹಾದಂಗಡಿ ಇಟ್ಟಿದ್ದ ಬೀರಣ್ಣ ನಸುಕಿನಲ್ಲಿ ಓಡಲು ಹೊರಟಾಗ ಕೈಯಲ್ಲೊಂದು ನೀರು ತುಂಬಿದ ಚರಿಗೆ ಹಿಡಿದಿರುತ್ತಿದ್ದ. ಚರಿಗೆ ಹಿಡಿದು ಹೊಲದ ಕಡೆ ಹೊರಟವನನ್ನು ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ಅವಸರದಲ್ಲಿ ಓಡಿದರಂತೂ ಅರ್ಥ ಮಾಡಿಕೊಂಡು ದಾರಿ ಬಿಡುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಬನಿಯನ್ ದಾಟಿ ಇಣುಕುವ ಹೊಟ್ಟೆ. ಇಂಥ ಮೈ ಹೊತ್ತು ವ್ಯಾಯಾಮಕ್ಕೆ ಓಡುತ್ತೇನೆ ಎನ್ನುವುದಕ್ಕಿಂತ ಹೊಟ್ಟೆ ಕೆಟ್ಟಿದೆ ಎನಿಸಿಕೊಳ್ಳುವುದೇ ಅವನಿಗೆ ಮೇಲಾಗಿತ್ತು.

ಓಡದೆ ವಿಧಿಯಿರಲಿಲ್ಲ. ಮಗಳು ಮಹಾನಂದಾ ಪೊಲೀಸ್ ಭರ್ತಿಗೆ ಅರ್ಜಿ ಹಾಕಿದ್ದಳು. ಓಟದಲ್ಲಿ ಸೋತರೆ ಮುಂದಿನದೆಲ್ಲ ಸುಳ್ಳು. ಅಪ್ಪ ಜೊತೆಗಿದ್ದರೆ ಮಾತ್ರ ಹೊರಗೆ ಓಡಲಿ, ಒಬ್ಬಳೇ ಹೋಗಕೂಡದು ಎಂದು ತಾಯಿ ಗಂಗಾಬಾಯಿ ಖಡಾಖಂಡಿತವಾಗಿ ಹೇಳಿದ್ದಳು. ಮೊದಮೊದಲು ಬೀರಣ್ಣ ಕೆನಾಲ್ ದಂಡೆಯಲ್ಲಿ ಬೈಕ್ ನಿಲ್ಲಿಸಿ, ಅದರ ಮೇಲೆ ಕುಳಿತು ನೋಡುತ್ತಿದ್ದ. ಒಂದು ದಿನ ಮಗಳೇ ಹತ್ತಿರ ಬಂದಳು.

"ಅಪ್ಪಾ, ನೀ ಹಿಂಗ ಕಾವಲು ಕುಂತ್ರ ಮಂದಿ ನನ್ನ ಕಳ್ಳೀನ ನೋಡಿದಂಗ ನೋಡ್ತಾರ. ನೀನೂ ನನ್ನ ಕೂಡ ಓಡು."

ಅಂದಿನಿಂದ ಈ ಚರಿಗೆ. ಆಳೆತ್ತರದ ತೊಗರಿಯ ನಡುವಿನ ದಾರಿಯಲ್ಲಿ ಅಪ್ಪ ಮಗಳು ಓಡಿದ್ದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ತೊಗರಿ ರಾಶಿಯಾಗಿ ಹೊಲವೆಲ್ಲ ಬೋಳಾದದ್ದೇ ತಡ, ನೀರು ತುಳುಕಿಸುತ್ತ, ಏದುಸಿರು ಬಿಡುತ್ತ ಮಗಳ ಹಿಂದೆ ಓಡುವ ಬೀರಣ್ಣ ಊರಿಗೆಲ್ಲ ಕಂಡ. ಗೊಬ್ಬರದಂಗಡಿಯ ಪರಮೇಶ ಅದನ್ನು ಮೊಬೈಲಿನಲ್ಲಿ ಹಿಡಿದು ಊರ ಗ್ರೂಪಿಗೆ ಹಾಕಿದ. ಅವತ್ತು ಚಹಾಕ್ಕೆ ಬಂದವರೆಲ್ಲ ಒಮ್ಮೆ ಮೊಬೈಲ್ ನೋಡುವರು, ಒಮ್ಮೆ ಬೀರಣ್ಣನ ಹೊಟ್ಟೆ ನೋಡುವರು.

"ಬೀರಣ್ಣ, ಚರಿಗ್ಯಾಗಿನ ನೀರು ಖಾಲಿ ಆದ್ವು, ಹೋದ ಕೆಲಸ ಮಾತ್ರ ಆಗ್ಲಿಲ್ಲಲ್ಲೋ" ಎಂದ ಪರಮೇಶ.

ಬೀರಣ್ಣನೂ ನಕ್ಕ. ನಗುತ್ತಲೇ ಚಹಾ ಸೋಸಿದ. ಕಿವಿ ಮಾತ್ರ ಕಾದ ಹಂಚಿನಂತಾಗಿತ್ತು.

ಮರುದಿನ ಮೊಣಕಾಲು ನೋವೆಂದು ಹೇಳಿ ಕೌದಿ ಎಳೆದುಕೊಂಡ. ಮಹಾನಂದಾ ಬೂಟು ಹಾಕಿಕೊಂಡು ಬಾಗಿಲ ಕಟ್ಟೆಯ ಮೇಲೆ ಕುಳಿತಳು. ಬೆಳಕು ಹರಿಯಿತು. ಬೂಟು ಬಿಚ್ಚಿ ಹಿಟ್ಟು ನಾದಲು ಬಾ ಎಂದು ಗಂಗಾಬಾಯಿ ಒಳಗಿನಿಂದ ಕೂಗಿದಳು. ಮಗಳು ಬಗ್ಗಿ ಒಂದು ಬೂಟಿನ ದಾರ ಬಿಚ್ಚುವುದನ್ನು ಬೀರಣ್ಣ ಕೌದಿಯ ಸಂದಿನಿಂದ ನೋಡಿದ.

ನೋಡಿದವನ ಎದೆಯಲ್ಲಿ ಬೆಂಕಿ ಬಿತ್ತು. ಅವನಪ್ಪ ಗೌಡರ ಕುದುರೆಯ ಹಿಂದೆ ಓಡಿ ಓಡಿ ಸತ್ತಿದ್ದ. ಹೆಂಡತಿ ಎಷ್ಟೋ ವರ್ಷ ಹೊತ್ತು ಮೂಡುವ ಮುಂಚೆ ಕಂಡವರ ಹೊಲಕ್ಕೆ ಓಡುತ್ತಿದ್ದಳು. ತಾನು ಹರೆಯದುದ್ದಕ್ಕೂ ಕಚೇರಿ ಸಾಹೇಬರ ಮೇಜಿಗೆ ಚಹಾ ಒಯ್ಯಲು ಓಡಿದ್ದ. ಆಗ ಯಾವನೂ ನಗಲಿಲ್ಲ. ಕಂಡವರ ಕರೆಗೆ ಓಡಿದರೆ ದುಡಿಮೆ, ಹೆತ್ತ ಮಗಳಿಗಾಗಿ ಓಡಿದರೆ ನಗೆಪಾಟಲು. ಈ ಕಟ್ಟಳೆ ಮಾಡಿದವರು ಯಾರು? ಅದಕ್ಕೆ ಹೆದರಿ ತಾನೇಕೆ ಕೌದಿಯೊಳಗೆ ಅಡಗಿ ಮಲಗಬೇಕು?

"ದಾರ ಕಟ್ಟಬೇ" ಎಂದು ಎದ್ದ.

ಚರಿಗೆ ಬಚ್ಚಲಲ್ಲೇ ಉಳಿಯಿತು. ಕೆನಾಲ್ ದಾರಿಯನ್ನೂ ಬಿಟ್ಟ. ಲುಂಗಿ ಎತ್ತಿ ಕಟ್ಟಿ ನಡು ಊರಿನ ಡಾಂಬರು ರಸ್ತೆಗಿಳಿದ. ಮುಚ್ಚಿದ ಚಹಾದಂಗಡಿಯ ಮುಂದೆ ಕಾದು ನಿಂತವರಲ್ಲಿ ಪರಮೇಶನೂ ಇದ್ದ. ಅಪ್ಪ ಮಗಳು ಬರುವುದನ್ನು ಕಂಡವನೇ ಮೊಬೈಲ್ ಎತ್ತಿದ. ಬೀರಣ್ಣ ಅವನೆದುರೇ ನಿಂತ.

"ತಗಿ ಪರಮೇಶ, ಚೊಲೋ ತಗಿ. ನಾಳೆನೂ ಬರ್ತೇನಿ, ನಾಡದ್ದೂ ಬರ್ತೇನಿ. ನಿನಗ ತಗದು ತಗದು ಬ್ಯಾಸರಾಗೂತನಾ ಬರ್ತೇನಿ."

ಯಾರೋ ಕಿಸಕ್ಕೆಂದರು. ಮತ್ಯಾರೋ ಚಹಾ ಯಾವಾಗ ಎಂದರು. ಓಟ ಮುಗಿದ ಮೇಲೆ ಎಂದು ಹೇಳಿ ಬೀರಣ್ಣ ಹೆಜ್ಜೆ ಕಿತ್ತ. ನಗು ಬೆನ್ನಿಗೆ ಬಡಿಯಿತು. ಬಡಿಯಲಿ ಎಂದು ಬಿಟ್ಟ.

ಶಾಲೆ ದಾಟುವಷ್ಟರಲ್ಲಿ ಉಸಿರು ಕಟ್ಟಿತು. ಮಹಾನಂದಾ ಓಟ ತಗ್ಗಿಸಿ ತಿರುಗಿ ನೋಡಿದಳು.

"ನಿಲ್ಲಬ್ಯಾಡವ್ವ. ನನ್ನ ಸಲುವಾಗಿ ನಿಂತ್ರ ನೀ ಗೆಲ್ಲೂದಿಲ್ಲ. ಮುಂದ ನಡಿ."

"ಒಬ್ಬಾಕೀನ? ಅವ್ವ ಏನಂತಾಳ?"

"ನಿಮ್ಮವ್ವಗ ನಾ ಹೇಳ್ತೇನಿ. ಹೋಗು."

ಅವಳು ಕಾಲು ಬೀಸಿ ಹಾಕಿದಳು. ಜೇವರ್ಗಿ ರಸ್ತೆಯ ತಿರುವಿನಲ್ಲಿ ಅವಳ ಜಡೆ ಕಾಣದಾಯಿತು. ಬೀರಣ್ಣ ಅವಳನ್ನು ಕೂಗಿ ಕರೆಯಲಿಲ್ಲ. ಕುಲುಕುವ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ತನ್ನ ಓಟ ತಾನು ಓಡಿದ.