ಕಪ್ಪು ಕಳಚುವ ದಿನಗಳು

ನನ್ನ ಸೊಸೆ ಹಿಲಾನೆ ವರ್ಷಕ್ಕೊಮ್ಮೆ, ಹಿಪ್ಪುನೇರಳೆ ಚಿಗುರುವ ಕಾಲಕ್ಕೆ, ಕಪ್ಪು ಬಟ್ಟೆ ಕಳಚಿ ಬಿಳಿ ತೊಡುತ್ತಾಳೆ. ಹತ್ತು ಹನ್ನೆರಡು ದಿನ, ಅಷ್ಟೇ. ಆಮೇಲೆ ಮತ್ತೆ ಕಪ್ಪು. ಊರಿನ ಹೆಂಗಸರು ಬುಗ್ಗೆಯ ಬಳಿ ಕೊಡ ಇಳಿಸಿಕೊಂಡು ಇದಕ್ಕೆ ನೂರು ಅರ್ಥ ಹಚ್ಚುತ್ತಾರೆ. ಹಚ್ಚಲಿ. ಅವರ ನಾಲಿಗೆಗೆ ಬೇರೆ ಕೆಲಸವಿಲ್ಲ. ನಿಜ ಏನೆಂದು ನನಗೆ ಗೊತ್ತು, ಯಾಕೆಂದರೆ ಮೊದಲ ಸಲ ಅವಳ ಕಪ್ಪು ಕಳಚಿಸಿದವಳು ನಾನೇ.

ಆಗ ಈ ಲೆಬನಾನ್ ಬೆಟ್ಟದಲ್ಲಿ ದ್ರೂಜ ಮತದವರಿಗೂ ಕ್ರೈಸ್ತರಾದ ನಮಗೂ ನಡೆದ ಯುದ್ಧ ಮುಗಿದು ವರ್ಷ ತುಂಬಿರಲಿಲ್ಲ. ಒಂದೇ ಬುಗ್ಗೆಯ ನೀರು ಕುಡಿದವರು, ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಕುಣಿದವರು, ಒಂದು ಬೇಸಿಗೆಯಲ್ಲಿ ಒಬ್ಬರನ್ನೊಬ್ಬರು ಕಡಿದು ಹಾಕಿದರು. ನನ್ನ ಒಬ್ಬನೇ ಮಗ ಬುತ್ರುಸ್ ನಮ್ಮ ಮನೆಯ ಬಾಗಿಲಲ್ಲೇ ಬಿದ್ದ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದಿದ್ದರು, ಯಾರೆಂದು ತಿಳಿಯಲಿಲ್ಲ. ಮನೆಯ ಅರ್ಧ ಸುಟ್ಟಿತು. ನಮ್ಮ ಹಿಪ್ಪುನೇರಳೆ ಮರಗಳನ್ನು ಬುಡದವರೆಗೆ ಕಡಿದರು. ಉಳಿದವರು ನಾನು, ಅವನ ಹೆಂಡತಿ ಹಿಲಾನೆ, ಮತ್ತೆ ಗೋಡೆಗೂಡಿನಲ್ಲಿ ಬಚ್ಚಿಟ್ಟಿದ್ದ ಒಂದು ಹಿಡಿ ರೇಷ್ಮೆ ಮೊಟ್ಟೆ.

ಮೊಟ್ಟೆ ಮರಿಯಾಗಲು ಬಿಸಿ ಬೇಕು. ನಮ್ಮಲ್ಲಿ ಹೆಂಗಸರು ಅದನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಎದೆಯ ಮೇಲೆ, ಒಳಗಿನ ಅಂಗಿಗೆ ಹೊಲಿದುಕೊಂಡು ಓಡಾಡುತ್ತಾರೆ. ಆ ದಿನಗಳಲ್ಲಿ ಬೋರಲು ಮಲಗುವಂತಿಲ್ಲ, ಕೂಗಾಡುವಂತಿಲ್ಲ, ಈರುಳ್ಳಿ ಹುರಿಯುವಂತಿಲ್ಲ. ಕಪ್ಪು ಬಣ್ಣದ ಬಟ್ಟೆಯಂತೂ ಕೂಡದು, ಆ ಬಣ್ಣದ ನಾತಕ್ಕೆ ಮೊಟ್ಟೆ ಸತ್ತುಹೋಗುತ್ತವೆ. ನನ್ನ ಮುದಿ ಎದೆಯಲ್ಲಿ ಬಿಸಿ ಎಲ್ಲಿಂದ ತರಲಿ?

"ನೀನೇ ಕಟ್ಕೊಬೇಕು. ಕಪ್ಪು ತೆಗಿ," ಅಂದೆ.

"ಇನ್ನೂ ವರ್ಷ ಆಗಿಲ್ಲ ಅತ್ತೆ. ಜನ ಏನಂತಾರೆ?"

"ಜನ ರೊಟ್ಟಿ ತಂದ್ಕೊಡ್ತಾರಾ? ತೆಗಿ ಅಂದ್ರೆ ತೆಗಿ."

ಅವಳು ಮದುವೆಯಲ್ಲಿ ತಂದಿದ್ದ ಬಿಳಿ ಅಂಗಿ ತೊಟ್ಟು ಬಂದು ನಿಂತಳು. ಅವಳಿಗೆ ಆಗಿನ್ನೂ ಇಪ್ಪತ್ತನಾಲ್ಕು. ಕಪ್ಪಿನೊಳಗೆ ಅದು ನನಗೆ ಮರೆತೇಹೋಗಿತ್ತು.

ಮೊಟ್ಟೆ ಇದ್ದರಾಯಿತೇ? ಹುಳುವಿಗೆ ಸೊಪ್ಪು ಬೇಕಲ್ಲ. ಊರಲ್ಲಿ ಕಡಿಯದೆ ಉಳಿದ ಮರಗಳಿದ್ದದ್ದು ದ್ರೂಜರ ಪಾಲಿನಲ್ಲಿ. ಬೆಟ್ಟದ ಮೇಲಿನ ಮೆಟ್ಟಿಲು ಹೊಲಗಳು ನಾಯೆಫ್ ಎಂಬವನವು. ಅವನ ತಮ್ಮನನ್ನು ನಮ್ಮವರು ಗಿರಣಿಯ ಹತ್ತಿರ ಕೊಂದಿದ್ದರು. ಮನೆಯಲ್ಲಿ ಕಣ್ಣು ಮಂಜಾದ ತಾಯಿ ಒಬ್ಬಳೇ, ಹುಳು ಸಾಕಲು ಬೇರೆ ಹೆಣ್ಣಿಲ್ಲ. ಅವನ ಮರದಲ್ಲಿ ಸೊಪ್ಪು ಸುಮ್ಮನೆ ಒಣಗುತ್ತಿತ್ತು. ಹಿಲಾನೆ ನನಗೆ ಹೇಳದೆ ಹೋಗಿ ಅರ್ಧಪಾಲಿಗೆ ಮಾತಾಡಿಕೊಂಡು ಬಂದಳು. ಸೊಪ್ಪು ಅವನದು, ಮೊಟ್ಟೆ ನಮ್ಮದು, ಗೂಡು ಸಮಪಾಲು. ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಮೂರನೆಯ ದಿನ ಮೊಟ್ಟೆ ಒಡೆದವು, ಕೂದಲ ತುಂಡಿನಂಥ ಕರಿ ಮರಿಗಳು. ಹಸಿದ ಹುಳುವಿನ ಮುಂದೆ ಕುಳಿತು ಎಷ್ಟು ಹೊತ್ತು ಹಠ ಹಿಡಿಯಲು ಸಾಧ್ಯ?

ಮೊಟ್ಟೆಯ ಕೆಲಸ ಮುಗಿಯಿತೆಂದು ಹಿಲಾನೆ ಮತ್ತೆ ಕಪ್ಪು ತೊಟ್ಟಳು, ನಾಯೆಫ್ ಬುಟ್ಟಿ ಹೊತ್ತು ಬರತೊಡಗಿದ. ಹುಳುಮನೆಯ ಒಳಗೆ ಪರರ ಕಣ್ಣು ಬೀಳಬಾರದು, ಹಾಗಾಗಿ ಅವನು ಹೊಸ್ತಿಲ ಆಚೆ. ಹೊಸ್ತಿಲ ಮೇಲೆ ನಾನು, ಕದಿರು ತಿರುಗಿಸುತ್ತಾ. ಅವನು ಎತ್ತರದ ಆಳು, ಮಾತು ಕಡಿಮೆ. ಮೊದಲ ದಿನವೇ ಹಿಲಾನೆ ಅವನನ್ನು ತರಾಟೆಗೆ ತೆಗೆದುಕೊಂಡಳು.

"ಇದೇನು, ಸೊಪ್ಪು ತಂದ್ಯೋ ಕೆರೇನೇ ತಂದ್ಯೋ? ಒದ್ದೆ ಎಲೆ ತಿಂದು ಹುಳಕ್ಕೆ ಭೇದಿ ಹತ್ತಿದ್ರೆ ನಿನ್ನ ಮೀಸೆ ಬೋಳಿಸ್ತೀನಿ."

"ಮೀಸೆ ಬೋಳಿಸಿದ್ರೆ ಭೇದಿ ನಿಲ್ಲುತ್ತಾ?"

"ಹುಳುಗಳದ್ದು ನಿಲ್ಲಲ್ಲ. ನನ್ನ ಹೊಟ್ಟೆ ಉರಿ ನಿಲ್ಲುತ್ತೆ."

ಅವನು ನಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಒಂದೊಂದೇ ಎಲೆಯ ಮಂಜು ಒರೆಸಿದ. ಬುಟ್ಟಿಯಷ್ಟೂ ಒರೆಸಿದ. ಕತ್ತಿ ಹಿಡಿದು ನಮ್ಮ ಬೀದಿಗೆ ನುಗ್ಗಿದವರ ಮತದವನೊಬ್ಬ ಹೀಗೆ ಎಲೆ ಒರೆಸುತ್ತಾ ಕೂರಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಮುಖಕ್ಕೆ ಉಗಿಯುತ್ತಿದ್ದೆ. ಮರುದಿನದಿಂದ ಎಲೆ ಒರೆಸಿಯೇ ಬಂತು. ಆದರೂ ಹಿಲಾನೆ ತಪ್ಪು ಹುಡುಕುತ್ತಿದ್ದಳು, ಅವನು ಉತ್ತರ ಕೊಡುತ್ತಿದ್ದ, ಇವಳು ನಗುತ್ತಿದ್ದಳು. ನನ್ನ ಮಗ ಸತ್ತ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. ಕೇಳಿ ನನಗೆ ಕೋಪವೂ ಬಂತು, ಕಣ್ಣಲ್ಲಿ ನೀರೂ ಬಂತು.

ಒಂದು ಸಂಗತಿ ಮಾತ್ರ ನನ್ನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ನಮ್ಮಲ್ಲಿ ಮಕ್ಕಳು ಹುಟ್ಟಿದ ಮೇಲೆ ಹೆಂಗಸನ್ನು ಅವಳ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಊರಿಗೆಲ್ಲ ನಾನು ಬುತ್ರುಸನಮ್ಮ. ಮಗ ಸತ್ತ ಮೇಲೂ ಹಾಗೇ ಕರೆಯುತ್ತಾರೆ, ಕರೆಯಲೇಬೇಕು. ದ್ರೂಜರೂ ಹಾಗೇ ಕರೆಯುತ್ತಾರೆ. ನಾಯೆಫ್ ಮಾತ್ರ ಒಂದು ದಿನವೂ ಕರೆಯಲಿಲ್ಲ. "ದೊಡ್ಡಮ್ಮ, ಬುಟ್ಟಿ ತಗೊಳ್ಳಿ" ಅನ್ನುತ್ತಿದ್ದ. ನನ್ನ ಮಗನ ಹೆಸರು ಅವನ ಬಾಯಿಗೆ ಯಾಕೆ ಬರುತ್ತಿಲ್ಲ? ಹುಳು ಮೂರನೆಯ ಜ್ವರಕ್ಕೆ ಕುಳಿತು, ಅಂದರೆ ಮೇವು ಬಿಟ್ಟು ಪೊರೆ ಕಳಚಿ, ಏಳುವ ಹೊತ್ತಿಗೆ ನನಗೆ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡೆ.

ಅಷ್ಟರಲ್ಲಿ ಸುಲ್ತಾನನ ಅಧಿಕಾರಿಗಳು ಊರೂರಿಗೆ ಬಂದು ವಿಚಾರಣೆ ಶುರುಮಾಡಿದರು. ಕೊಲೆಯಾದವರ ಮನೆಯವರು ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು ಇಂಥವನು ಅಲ್ಲಿದ್ದ ಎಂದರೆ, ಅವನನ್ನು ಸಮುದ್ರದಾಚೆ ಟ್ರಿಪೋಲಿಗೆ ಗಡೀಪಾರು ಮಾಡುವುದು. ಇರಲಿಲ್ಲ ಎಂದು ಆಣೆ ಮಾಡಿದರೆ ಬಿಟ್ಟುಬಿಡುವುದು. ನಾಳೆ ನಮ್ಮೂರ ಸರದಿ ಎಂಬ ಸಂಜೆ, ಸೊಪ್ಪು ಕತ್ತರಿಸುತ್ತಾ ಕುಳಿತಿದ್ದಾಗ ನಾನು ಕೇಳಿಯೇಬಿಟ್ಟೆ.

"ಅವನು ಇದ್ನಾ ಇಲ್ವಾ?"

ಯಾರು ಎಂದು ಅವಳು ಕೇಳಲಿಲ್ಲ. ಕುಡುಗೋಲು ಕೆಳಗಿಟ್ಟಳು.

"ಇದ್ದ. ಗಲ್ಲಿ ಬಾಯಲ್ಲಿ ನಿಂತಿದ್ದ. ಯಾರೂ ತಪ್ಪಿಸ್ಕೊಂಡು ಹೋಗದ ಹಾಗೆ ನೋಡ್ಕೊಳ್ಳೋದು ಅವನ ಕೆಲಸ. ನಮ್ಮ ಯಜಮಾನ್ರು ಓಡ್ತಾ ಓಡ್ತಾ ಅವನ ಎದುರು ಬಂದ್ರಂತೆ. ಅವನನ್ನ ನೋಡಿ ವಾಪಸ್ ಮನೆ ಕಡೆ ಓಡಿದ್ರಂತೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಸೊಪ್ಪು ಕೇಳೋಕೆ ಹೋದ ದಿನವೇ ಹೇಳ್ದ. ಇದನ್ನ ಕೇಳಿದ್ಮೇಲೂ ನನ್ನ ಸೊಪ್ಪು ಬೇಕು ಅನಿಸಿದ್ರೆ ತಗೊಂಡು ಹೋಗು ಅಂದ."

"ತಗೊಂಡು ಬಂದೆಯಲ್ಲೇ!"

"ಎದೆ ಮೇಲೆ ಮೊಟ್ಟೆ ಇತ್ತಲ್ಲ ಅತ್ತೆ. ಇನ್ನೇನು ಒಡೆಯೋದ್ರಲ್ಲಿದ್ದವು." ಕತ್ತರಿಸಿದ ಸೊಪ್ಪನ್ನು ಬುಟ್ಟಿಗೆ ತುಂಬುತ್ತಾ ಮುಂದುವರಿಸಿದಳು. "ನಾಳೆ ಅವನು ಇರ್ಲಿಲ್ಲ ಅಂತೀನಿ. ಗೂಡು ಮಾರಿದ್ಮೇಲೆ ನಾನೂ ಅವನೂ ಸಮುದ್ರದಾಚೆ ಇಸ್ಕಂದರಿಯಾ ಪಟ್ಟಣಕ್ಕೆ ಹೋಗ್ತೀವಿ. ಅಲ್ಲಿ ಯಾರೂ ನೀನು ಯಾವ ಜಾತಿ, ಯಾವ ಮತ ಅಂತ ಕೇಳಲ್ವಂತೆ. ನಿಮ್ಮನ್ನೂ ಕರ್ಕೊಂಡು ಹೋಗ್ತೀವಿ."

"ನನ್ನ ಮಗನಿಗೆ ದಾರಿ ಕಟ್ಟಿದವನ ಜೊತೆ ನಾನು ಹಡಗು ಹತ್ತಬೇಕಾ? ಆ ಹೆಣದ ಮೇಲೆ ನೀನು ಸುಳ್ಳು ಆಣೆ ಮಾಡ್ತೀಯಾ?"

"ನಿಮ್ಮ ಮಗ ನನ್ನ ಗಂಡ. ಅವರಿಗಾಗಿ ದಿನಾ ಅಳ್ತೀನಿ. ಇವನ ಹತ್ರ ದಿನಾ ನಗ್ತೀನಿ. ಎರಡೂ ನಿಜ ಅತ್ತೆ. ಯಾವುದನ್ನ ಕಿತ್ತು ಬಿಸಾಡ್ಲಿ, ನೀವೇ ಹೇಳಿ."

ಎದ್ದು ಹೋಗಿ ಹುಳುವಿಗೆ ಸೊಪ್ಪು ಹರಡಿದೆ. ಅವು ನಾಲ್ಕನೆಯ ಜ್ವರದಿಂದ ಎದ್ದಿದ್ದವು, ಬೆರಳುಗಾತ್ರ ಆಗಿದ್ದವು. ಆಗ ಅವು ತಿನ್ನುವ ಸದ್ದು ಹುಲ್ಲಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತದೆ. ಆ ಸದ್ದಿನಲ್ಲಿ ನಿಂತು ನಾನು ಮಗನಿಗಾಗಿ ಅತ್ತೆ, ಅವಳಿಗಾಗಿಯೂ ಅತ್ತೆ.

ಮರುದಿನ ಸುಟ್ಟ ಇಗರ್ಜಿಯ ಮುಂದೆ ಮೇಜು ಹಾಕಿದ್ದರು. ಒಂದು ಬದಿಗೆ ದ್ರೂಜ ಗಂಡಸರು ಸಾಲಾಗಿ ನಿಂತಿದ್ದರು, ಇನ್ನೊಂದು ಬದಿಗೆ ನಮ್ಮ ವಿಧವೆಯರು. ಕಪ್ಪೇ ಕಪ್ಪು. ಪಾದ್ರಿ ಗ್ರಂಥ ಹಿಡಿದಿದ್ದರು. ನಾಯೆಫನ ಸರದಿ ಬಂದಾಗ ಅಧಿಕಾರಿ ಹಿಲಾನೆಯ ಹೆಸರು ಕೂಗಿದ. ಅವಳು ಮುಂದೆ ಹೋದಳು. ಹೆಜ್ಜೆ ತಡವರಿಸಲಿಲ್ಲ. ನಾನು ಕೂಗಿಕೊಳ್ಳಬೇಕೋ ಬಾಯಿ ಮುಚ್ಚಿಕೊಳ್ಳಬೇಕೋ ತಿಳಿಯದೆ ಮುಸುಕಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಅವಳ ಕೈ ಗ್ರಂಥದ ಮೇಲೆ ಇಳಿಯುವುದರಲ್ಲಿತ್ತು.

"ಬುತ್ರುಸನಮ್ಮ!"

ನಾಯೆಫ್ ಕೂಗಿದ್ದ. ಮೊದಲ ಸಲ. ಸಾಲಿನಿಂದ ಹೊರಬಂದು ನೇರ ನನ್ನ ಕಡೆ ನೋಡುತ್ತಿದ್ದ.

"ಬುತ್ರುಸನಮ್ಮ, ಅವಳ ಕೈ ಹಿಂದಕ್ಕೆ ಎಳ್ಕೊಳ್ಳಿ. ನನ್ನನ್ನ ಉಳಿಸೋಕೆ ನಿಮ್ಮ ಮಗನ ಹೆಂಡತಿ ದೇವರ ಮುಂದೆ ಸುಳ್ಳು ಹೇಳೋದು ಬೇಡ. ಆಮೇಲೆ ನಾವು ಎಲ್ಲಿಗೆ ಹೋದ್ರೂ ಅದು ನಮ್ಮ ಜೊತೆ ಬರುತ್ತೆ." ಆಮೇಲೆ ಅಧಿಕಾರಿಯತ್ತ ತಿರುಗಿದ. "ನಾನಿದ್ದೆ. ಗಲ್ಲಿ ಬಾಯಲ್ಲಿ ನಿಂತಿದ್ದೆ. ಬರ್ಕೊಳ್ಳಿ."

ಹಿಲಾನೆಯ ಕೈ ಗಾಳಿಯಲ್ಲೇ ನಿಂತಿತ್ತು. ನಾನು ಹೋಗಿ ಅದನ್ನು ಹಿಡಿದು ಕೆಳಗಿಳಿಸಿದೆ.

ಮಧ್ಯಾಹ್ನವೇ ಅವರನ್ನು ಬೈರೂತ್ ದಾರಿಗೆ ಹೊರಡಿಸಿದರು, ಕೈಗೆ ಹಗ್ಗ ಕಟ್ಟಿ. ನಮ್ಮ ಬಾಗಿಲ ಮುಂದೆಯೇ ಹಾದುಹೋದರು. ಹಿಲಾನೆ ಹೊಸ್ತಿಲಲ್ಲಿ ನಿಂತಿದ್ದಳು. ಇಬ್ಬರಿಗೂ ಆಡಲು ಎಷ್ಟು ಮಾತಿತ್ತೋ. ಸಿಪಾಯಿಗಳ ಎದುರಿಗೆ, ಇಡೀ ಊರಿನ ಎದುರಿಗೆ ಏನು ಹೇಳಲು ಸಾಧ್ಯ?

"ಹುಳು ಎದ್ದಿವೆ," ಅಂದ. "ಸೊಪ್ಪು ನಿಲ್ಲಿಸ್ಬೇಡ."

"ಒರೆಸಿ ತರೋರು ಯಾರು?" ಅಂದಳು. ನಗಲು ನೋಡಿದಳು, ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಹುಳುಮನೆಯ ಮುಂದೆ ನಾಯೆಫನ ತಾಯಿ ಕುಳಿತಿದ್ದಳು. ಮುಕ್ಕಾಲು ಕುರುಡಿ ಆ ಇಳಿಜಾರಿನಲ್ಲಿ ಬುಟ್ಟಿ ಹೊತ್ತು ಹೇಗೆ ಬಂದಳೋ ಗೊತ್ತಿಲ್ಲ. ಬಿಳಿ ಮುಸುಕಿನ ತುದಿ ಒದ್ದೆಯಾಗಿ ಹಸಿರು ಹತ್ತಿತ್ತು.

"ಒರೆಸಿದ್ದೀನಿ," ಅಂದಳು. "ಹಾಗೇ ಮಾಡಬೇಕು ಅಂತ ಹೇಳಿ ಹೋದ. ಮುಟ್ಟಿ ನೋಡು, ಒದ್ದೆ ಇದೆಯಾ?"

ನಾನು ಅವಳ ಪಕ್ಕದಲ್ಲಿ ಕುಳಿತೆ. ಅವಳ ಒಬ್ಬ ಮಗನನ್ನು ನಮ್ಮವರು ಕೊಂದಿದ್ದರು, ಇನ್ನೊಬ್ಬ ನಮ್ಮಿಂದಾಗಿ ಹೋದ. ಬೈಯಲು ಬಂದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅವಳು ಎಲೆ ತಂದಿದ್ದಳು. ಆ ವರ್ಷದ ಹುಳು ಹಣ್ಣಾಗಿ ಒಳ್ಳೆಯ ಗೂಡು ಕಟ್ಟಿದವು, ಅರ್ಧಪಾಲು ಅವಳ ಮನೆಗೆ ಹೋಯಿತು.

ಕೆಲವು ವರ್ಷಗಳ ಮೇಲೆ ಕ್ಷಮಾದಾನವಾಗಿ ಗಡೀಪಾರಾದವರು ಒಬ್ಬೊಬ್ಬರಾಗಿ ಬಂದರು. ಹಿಲಾನೆ ಬುಗ್ಗೆಗೆ ಹೋದವಳು ಕೊಡ ತುಂಬಿದರೂ ದಾರಿ ನೋಡುತ್ತಾ ನಿಲ್ಲುತ್ತಿದ್ದಳು. ಬಂದವರಲ್ಲಿ ಒಬ್ಬ ಸುದ್ದಿ ತಂದ. ನಾಯೆಫ್ ಅಲ್ಲಿಗೆ ಹೋದ ಎರಡನೆಯ ಬೇಸಿಗೆಯಲ್ಲೇ ಜ್ವರದಿಂದ ತೀರಿಕೊಂಡಿದ್ದ. ಅಷ್ಟು ಕಾಲ ಇವಳು ಕಾದದ್ದು ಇಲ್ಲದವನಿಗಾಗಿ.

ನಾವು ಅವನ ಮನೆಗೆ ಸಾಂತ್ವನ ಹೇಳಲು ಹೋದೆವು. ಹಿಲಾನೆ ಅದೇ ಕಪ್ಪಿನಲ್ಲಿ ಬಂದಳು. ಅವನಿಗಾಗಿ ತೊಡಲು ಅವಳಲ್ಲಿ ಬೇರೆ ಕಪ್ಪು ಇರಲಿಲ್ಲ. ಅವನ ತಾಯಿ ಮನೆಯವರ ಸಾಲಿನ ಮೊದಲಿಗೆ ಕುಳಿತಿದ್ದಳು. ಹೆಜ್ಜೆ ಸಪ್ಪಳದಲ್ಲೇ ಇವಳ ಗುರುತು ಹಿಡಿದು, ಪಕ್ಕದವಳನ್ನು ಮೊಣಕೈಯಿಂದ ಸರಿಸಿದಳು.

"ಬಂದು ಹೋಗೋರ ಸಾಲಲ್ಲಿ ನಿಲ್ಲಬೇಡ. ಇಲ್ಲಿ ಕೂತ್ಕೋ ಮಗಳೇ," ಅಂದಳು.

ನಮ್ಮ ಜನ, ಅವರ ಜನ, ಎಲ್ಲರೂ ನೋಡಿದರು. ಹಿಲಾನೆ ಕುಳಿತಳು. ನಾನು ಎದುರಿನಲ್ಲಿ ನಿಂತು, ಸತ್ತವನ ಮನೆಯವರಿಗೆ ಹೇಳುವ ಮಾತನ್ನು ನನ್ನ ಸೊಸೆಗೇ ಹೇಳಿದೆ.

ಈಗ ಕಾಲ ಬದಲಾಗಿದೆ. ಮೊಟ್ಟೆ ಫ್ರಾನ್ಸಿನಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ನೂಲು ಬಿಚ್ಚುವ ಕಾರ್ಖಾನೆಯ ಬಿಸಿ ಕೋಣೆಯಲ್ಲಿ ಮರಿ ಮಾಡಿಸಿ ಕೊಡುತ್ತಾರೆ. ಎದೆಗೆ ಕಟ್ಟಿಕೊಳ್ಳುವ ರಗಳೆ ಯಾರಿಗೂ ಬೇಡ. ನಾವೂ ಮರಿಯನ್ನೇ ತರುತ್ತೇವೆ. ಆದರೂ ಈ ವಸಂತದಲ್ಲೂ ಅವಳು ಬಿಳಿ ತೊಟ್ಟಳು, ಅಂಗಿಗೆ ಚೀಲ ಹೊಲಿದುಕೊಂಡಳು. ನಮ್ಮ ಹಳೆಯ ತಳಿ ಒಂದಿಷ್ಟು ಉಳಿಸಿದ್ದೇನೆ ಅತ್ತೆ, ಅಂದಳು. ಹೌದೇನೋ ಅಂದುಕೊಂಡೆ. ನಿನ್ನೆ ಮಧ್ಯಾಹ್ನ ಅವಳು ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಹೋಗಿದ್ದಳು. ಕೂದಲು ಬೆಳ್ಳಗಾಗುತ್ತಿದೆ. ಹೊಲಿಗೆ ಬಿಚ್ಚಿ ಚೀಲ ಪಕ್ಕಕ್ಕೆ ಜಾರಿತ್ತು. ಸರಿಯಾಗಿ ಇಡೋಣವೆಂದು ಎತ್ತಿಕೊಂಡೆ. ಒಳಗೆ ಏನೂ ಇರಲಿಲ್ಲ, ಬರೀ ಬಟ್ಟೆ, ಅವಳ ಮೈಯ ಬಿಸಿಗೆ ಬೆಚ್ಚಗಾದ ಬಟ್ಟೆ.

ಎಲ್ಲಿತ್ತೋ ಅಲ್ಲೇ ಮೆಲ್ಲಗೆ ಇಟ್ಟೆ. ಹೊರಗೆ ಜಗಲಿಯಲ್ಲಿ ಪಕ್ಕದ ಮನೆಯ ಹೆಂಗಸರು ಕುಳಿತು ಗಲಗಲ ಮಾತಾಡುತ್ತಿದ್ದರು. ಬಾಗಿಲು ಎಳೆದುಕೊಂಡು ಹೊರಗೆ ಬಂದು ಗದರಿದೆ.

"ಮೆಲ್ಲಗೆ ಮಾತಾಡ್ರೇ. ಒಳಗೆ ಮೊಟ್ಟೆ ಕಟ್ಕೊಂಡೋಳು ಮಲಗಿದ್ದಾಳೆ."