ನಾಲ್ಕನೆಯ ಆಟದ ದೋಣಿಯವಳು

ಸತ್ತ ರಾಜರನ್ನು ಬದುಕಿಸುವುದು ನನ್ನ ಕೆಲಸ. ಬದುಕಿದ್ದವರನ್ನು ಸಾಯಿಸುವುದೂ ನನ್ನದೇ. ಇಪ್ಪತ್ತು ವರ್ಷಗಳಿಂದ ನಡೆದುಬಂದಿರುವ ಒಂದು ವಿಡಿಯೋ ಗೇಮ್ ಸರಣಿಯ ಕಥಾವಿಭಾಗದಲ್ಲಿ ನಾನಿದ್ದೇನೆ. ಮಂತ್ರ, ಮಾಯೆ, ಸಿಂಹಾಸನ ಎಲ್ಲ ಇರುವ ಏಳು ಆಟಗಳು ಬಂದಿವೆ, ಎಂಟನೆಯದು ತಯಾರಾಗುತ್ತಿದೆ. ಒಂದೊಂದನ್ನೂ ಒಬ್ಬೊಬ್ಬರು ಬರೆದದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಎಲ್ಲವನ್ನೂ ಹೊಂದಿಸಿ, ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಒಂದೇ ಕಾಲಾನುಕ್ರಮ ಮಾಡುವ ತಲೆನೋವು ನನ್ನ ಪಾಲಿಗೆ ಬಂತು.

ಕಾರಿಡಾರಿನ ಗೋಡೆಯುದ್ದಕ್ಕೂ ಚೀಟಿ ಅಂಟಿಸಿದ್ದೆ, ಆಟಕ್ಕೊಂದು ಬಣ್ಣ. ಯಾರಾದರೂ ಏಸಿ ಜೋರು ಮಾಡಿದರೆ ಒಂದು ಸಾಮ್ರಾಜ್ಯ ನೆಲಕ್ಕೆ ಬೀಳುತ್ತಿತ್ತು.

ನಮ್ಮ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಕತ್ತರಿ. ಒಂದು ಬೆಳಿಗ್ಗೆ ಅವರು ಗೋಡೆಯ ಮುಂದೆ ನಿಂತು, "ಹಳದಿ ಚೀಟಿ ಎಲ್ಲಾ ಕಿತ್ತಾಕಿ" ಎಂದರು.

ಹಳದಿ ಎಂದರೆ ನಾಲ್ಕನೆಯ ಆಟ.

"ಒಬ್ಬ ರಾಜನಿಗೋಸ್ಕರ ಇಡೀ ಆಟಾನೇ ತೆಗೀತೀರಾ?" ಎಂದೆ.

"ನಾಲ್ಕರಲ್ಲಿ ಸತ್ತೋನು ಆರರಲ್ಲಿ ಸಿಂಹಾಸನದ ಮೇಲೆ ಕೂತಿದಾನಲ್ರೀ! ಆಡೋರು ನಗ್ತಿದಾರೆ. ನಾಲ್ಕನೇದು ನಡೆದೇ ಇಲ್ಲ ಅಂದ್ಬಿಡೋಣ. ಮಾರೋದನ್ನೂ ನಿಲ್ಲಿಸೋಣ. ಬೇರೆ ದಾರಿ ಇದ್ರೆ ಈ ವಾರದೊಳಗೆ ತೋರಿಸಿ."

ನಾನು ಹಳದಿ ಚೀಟಿಗಳಿಗೆ ಅಡ್ಡವಾಗಿ ನಿಂತೆ. ಆ ಆಟದಲ್ಲಿ ಒಬ್ಬ ದೋಣಿಯವಳಿದ್ದಾಳೆ. ಅವಳ ದನಿ ನನ್ನ ಅಕ್ಕನದು.

ಅಕ್ಕ ನಾಟಕದವಳು. ವೇದಿಕೆಯ ಮೇಲೆ ಆಡಿದ ಮಾತು ಆಯಾ ಸಂಜೆಗೇ ಮುಗಿಯುತ್ತದೆ, ಹಿಡಿದಿಟ್ಟವರಾರೂ ಇಲ್ಲ. ಉಳಿದಿದ್ದು ಈ ಆಟವೊಂದೇ. ಅದಾದ ಎರಡು ವರ್ಷಕ್ಕೆ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಮಾತ್ರ ಒರಟು ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗಾಯಿತು. ನಮ್ಮ ಆಫೀಸಿನ ಎದುರಿನ ಟೀ ಅಂಗಡಿಯವನು ಒಮ್ಮೆ "ಏನಂದ್ರಿ? ಏನಂದ್ರಿ?" ಎಂದು ಮೂರು ಸಲ ಕೇಳಿದ ಮೇಲೆ ಅವಳು ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಅಂದಿನಿಂದ ಅವಳ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ. ಮೊದಲೇ ಬಾಯಿಬಡಕಿ, ಇನ್ನು ಕೇಳಬೇಕೆ?

ಮನೆಗೆ ಬಂದು ಹೇಳಿದೆ. ಅಕ್ಕ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಳು.

"ಹೋದದ್ದು ಹೋಯ್ತು ಬಿಡೇ" ಎಂದಳು. ಆದರೆ ಸಿಪ್ಪೆ ಪೂರ್ತಿ ಹೋದ ಆಲೂಗಡ್ಡೆಯನ್ನೇ ಮತ್ತೆ ಮತ್ತೆ ಹೆರೆಯುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಆ ಹಾಳಾದ ರಾಜ ನಿನ್ನ ದೋಣೀಲೇ ಸಾಯಬೇಕಿತ್ತಾ?"

ಅಕ್ಕ ತಲೆಯೆತ್ತಿದಳು. "ಸತ್ತ ಅಂತ ಯಾರು ಹೇಳಿದ್ದು?"

"ನೀನೇ ಕಣೇ! 'ದೊರೆ ನನ್ನ ದೋಣಿಯಲ್ಲೇ ಕಣ್ಣು ಮುಚ್ಚಿದ, ಹೊಳೆಗೆ ಬಿಟ್ಟೆ' ಅಂತ."

"ದೋಣಿಯವಳು ಹೇಳಿದಳು. ಅದು ನಿಜ ಅಂತ ನಿಂಗ್ಯಾರು ಹೇಳಿದ್ರು? ಎದುರಿಗೆ ಕತ್ತಿ ಹಿಡ್ಕೊಂಡು ಸೈನಿಕರು ನಿಂತಿದಾರೆ. ರಾಜ ಎಲ್ಲಿ ಅಂದ್ರೆ, ಇಗೋ, ಬಲೆ ಕೆಳಗೆ ಮಲಗಿದಾನೆ ಅನ್ನಕ್ಕಾಗತ್ತಾ? ನಾನು ಆ ಮಾತನ್ನ ಸುಳ್ಳು ಅಂತಾನೇ ಆಡಿದ್ದು. ಕೇಳಿ ನೋಡು ಹೋಗು."

ಮಾರನೆಯ ದಿನ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬೇರೆಲ್ಲ ಮಾತುಗಳೂ ಹೊಳೆಯ ಹಾಗೆ ಸರಾಗ. ಈ ಒಂದು ಮಾತಿಗೆ ಮುಂಚೆ ಉಗುಳು ನುಂಗಿದ ಸಣ್ಣ ಸದ್ದು. ಆಮೇಲೆ ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿ ದುಃಖ. ಸುಳ್ಳು ಹೇಳುವವರು ಅಳುವುದೇ ಹಾಗೆ. ಏಳು ಆಟಗಳ ಸ್ಕ್ರಿಪ್ಟನ್ನೂ ನಾವು ಅರೆದು ಕುಡಿದಿದ್ದೆವು, ಒಬ್ಬರೂ ಕಿವಿಗೊಟ್ಟು ಕೇಳಿರಲಿಲ್ಲ. ನನಗಂತೂ ನಾಚಿಕೆಯಾಯಿತು, ಸ್ವಂತ ತಂಗಿ ನಾನು.

ಕತ್ತರಿಯವರಿಗೂ ಕೇಳಿಸಿದೆ. ಅವರು ಸುಲಭಕ್ಕೆ ಜಗ್ಗುವ ಆಸಾಮಿಯಲ್ಲ. "ಇದು ನಿಮ್ಮ ಊಹೆ ಇರಬಹುದಲ್ಲ? ಬರೆದೋನು ಕೆಲಸ ಬಿಟ್ಟು ಹೋಗಿದಾನೆ. ಮಾತಾಡಿದೋರನ್ನೇ ಕರ್ಕೊಂಡು ಬನ್ನಿ, ಅವರ ಬಾಯಿಂದಲೇ ಕೇಳ್ತೀನಿ."

ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ, ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಆಫೀಸಿನಲ್ಲಿ ಕತ್ತರಿಯವರು ಪ್ರಶ್ನೆ ಕೇಳಿದ ತಕ್ಷಣ ಅಭ್ಯಾಸಬಲದಿಂದ ನಾನೇ ಶುರುಮಾಡಿದೆ, "ನಮ್ಮಕ್ಕ ಏನು ಹೇಳ್ತಾಳೆ ಅಂದ್ರೆ..."

ಮೇಜಿನ ಕೆಳಗೆ ಅಕ್ಕ ನನ್ನ ತೊಡೆ ಚಿವುಟಿದಳು. ಪ್ರಾಣ ಹೋದ ಹಾಗಾಯಿತು.

"ಬರೆದೋರು ಬರೆದ್ರು" ಎಂದಳು ತನ್ನ ಹರಿದ ದನಿಯಲ್ಲಿ. ಅವಳ ಕಿವಿ ಕೆಂಪಾಗಿತ್ತು, ಆದರೂ ನಿಲ್ಲಿಸಲಿಲ್ಲ. "ದೋಣೀಲಿ ನಿಂತಿದ್ದು ನಾನು. ನನಗೆ ಗೊತ್ತು, ಅವನು ಬದುಕಿದ್ದ. ಆಚೆ ದಡ ಸೇರಿಸಿದ್ದೂ ನಾನೇ."

ಕತ್ತರಿಯವರು ಎದ್ದು ಕಾರಿಡಾರಿಗೆ ಹೋದರು. ನಾವೂ ಹಿಂದೆ ಹೋದೆವು. ಅವರು ನಾಲ್ಕನೆಯ ಆಟದ ಕೊನೆಯ ಹಳದಿ ಚೀಟಿಯನ್ನು ಬಿಡಿಸಿ, ಆರನೆಯ ಆಟದ ಮೊದಲ ನೀಲಿ ಚೀಟಿಯ ಪಕ್ಕಕ್ಕೆ ಅಂಟಿಸಿದರು. ರಾಜ ಹೊಳೆ ದಾಟಿದ.

"ಸರಿ, ಹಳದಿ ಇರಲಿ" ಎಂದರು. "ಆದ್ರೆ ಈ ಸುಳ್ಳನ್ನ ಎಂಟನೇ ಆಟದಲ್ಲಿ ಅವಳು ಒಪ್ಕೋಬೇಕಲ್ಲ. ರಾಜನ ಮಗಳ ಮುಂದೆ. ನೀವೇ ಹೇಳ್ತೀರಾ?"

ಅಕ್ಕ ಗಂಟಲು ಮುಟ್ಟಿಕೊಂಡಳು. "ಈ ದನೀಲಾ?"

"ಕಥೇಲಿ ಮೂವತ್ತು ವರ್ಷ ಹೊಳೆ ದಡದಲ್ಲಿ ನಿಂತು ಕೂಗಿದೋಳು ಅವಳು. ಇನ್ನು ಹೇಗಿರತ್ತಮ್ಮ ದನಿ?"

ಆ ಮಾತಿಗಾಗಿ ಕತ್ತರಿಯವರ ನೂರು ತಪ್ಪು ಮನ್ನಿಸಿದೆ. ನೂರೊಂದನೆಯದಕ್ಕೆ ನೋಡೋಣ.

ಮುಂದಿನ ವಾರ ರೆಕಾರ್ಡಿಂಗ್ ಆಯಿತು. ಮುಗಿಸಿಕೊಂಡು ಎದುರಿನ ಅದೇ ಟೀ ಅಂಗಡಿಗೆ ಹೋದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮುಂದೆ ಹೋಗಿ ಕಟ್ಟೆಗೆ ಕೈಯೂರಿ ನಿಂತಳು.

"ಎರಡು ಟೀ. ಒಂದಕ್ಕೆ ಸಕ್ಕರೆ ಬೇಡ."

"ಏನಂದ್ರಿ?" ಎಂದ ಅವನು. ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು.

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತೇ ಇರಲಿಲ್ಲ.

"ಎರಡು ಟೀ" ಎಂದಳು ಅಕ್ಕ ಮತ್ತೊಮ್ಮೆ, ಇನ್ನೂ ಜೋರಾಗಿ. "ಒಂದಕ್ಕೆ ಸಕ್ಕರೆ ಬೇಡ. ಇವಳದಕ್ಕೆ ಜಾಸ್ತಿ ಹಾಕಿ, ಅಳ್ತಿದಾಳೆ."